ಬಾಗಿಲ ಪಕ್ಕದ ನೀರು

"ನೋಡ್ರೀ, ಹಿಂಗೆ ತಿರುಗಿಸಿದ್ರೆ ಸಾಕು! ನಿಮ್ಮ ಫಾರಿನ್‌ನಾಗೆ ಇಂಥದ್ದು ಐತಾ?" ವರಲಕ್ಷ್ಮಿ ಹೊಸ ಬಚ್ಚಲುಮನೆಯ ನಲ್ಲಿ ತಿರುವಿದಳು. ಶವರಿನ ನೀರು ಭೋರೆಂದು ಸುರಿದು, ನೀಲಿ ಟೈಲ್ಸಿನ ಮೇಲೆ ಹರಿದು ತೂಬು ಸೇರಿತು.

ಗುಮ್ಮಳಾಪುರದ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಹಿತ್ತಲಲ್ಲಿ ಹಳೇ ಸೀರೆ ಮರೆಕಟ್ಟಿಕೊಂಡು ಮಿಂದವಳು. ಗಾಳಿ ಬಂದರೆ ಒಂದು ಕೈ ಸೀರೆಗೆ, ಒಂದು ಕೈ ಚೊಂಬಿಗೆ. ಹೊಸೂರಿನ ಗುಲಾಬಿ ತೋಟದಲ್ಲಿ ಮೇಸ್ತ್ರಿಯಾಗಿದ್ದ ಗಂಡ ಮಾದೇಶ, ಕಸಿ ಕಟ್ಟುವುದನ್ನು ಕಲಿಸಲು ಇಥಿಯೋಪಿಯಾದ ತೋಟಕ್ಕೆ ಹೋಗಲು ಒಪ್ಪಿದ್ದೇ ಈ ಬಚ್ಚಲುಮನೆಗಾಗಿ. ಕಟ್ಟಿ ಮುಗಿದರೂ, ಗಂಡ ಬರಲಿ ಎಂದು ಅವಳಿನ್ನೂ ಅಲ್ಲಿ ಮಿಂದಿರಲಿಲ್ಲ. ಸೋಪಿನ ಕಾಗದ ಕೂಡ ಬಿಚ್ಚಿರಲಿಲ್ಲ.

"ನಿಲ್ಸು! ನಿಲ್ಸೇ ಅದನ್ನ!" ಅಂದಷ್ಟೇ ಊರಿಗೆ ಮರಳಿದ್ದ ಮಾದೇಶ ಕೂಗಿಬಿಟ್ಟ.

ನಲ್ಲಿ ನಿಲ್ಲಿಸಿದ ಅವಳ ಮುಖ ಸಪ್ಪಗಾಯಿತು. "ಯಾಕ್ರೀ? ಚೆನ್ನಾಗಿಲ್ವಾ?"

"ಚೆನ್ನಾಗೈತೆ ಕಣೇ, ಅದಕ್ಕಲ್ಲ." ಅವನು ಹೊರಗಿನ ಒಗೆಯುವ ಕಲ್ಲಿನ ಮೇಲೆ ಕುಳಿತ. "ಅಲ್ಲಿ ಅಲ್ಮಾಜ್ ಅಂತ ಒಬ್ಬಾಕೆ ತೋಟದ ಕೆಲ್ಸಕ್ಕೆ ಬತ್ತಿದ್ಲು. ಒಂದಿನ ಕಾಪಿಗೆ ಅಂತ ಮನೆಗೆ ಕರೆದ್ಲು. ಮನೆ ಅಂದ್ರೆ ಏನು, ಮಣ್ಣು ಮೆತ್ತಿದ ಗೂಡು. ಬಾಗಿಲ ಪಕ್ಕ ಒಂದು ಹಳದಿ ಕ್ಯಾನ್‌ನಾಗೆ ನೀರಿತ್ತು. ನಮ್ಮೂರಾಗೆ ಇಡಾಕಿಲ್ವಾ, ಬಂದೋರು ಕಾಲು ತೊಳೀಲಿ ಅಂತ? ಹಂಗೇ ಅನ್ಕೊಂಬುಟ್ಟೆ. ಮೊಣಕಾಲಗಂಟ ತೊಳ್ಕೊಂಡೆ. ಪೂರ್ತಿ ಸುರಿದ್ಬುಟ್ಟೆ."

"ಅದಕ್ಕೇನೀಗ?"

"ಅವತ್ತಿಗೆ ಆ ಮನೇಲಿದ್ದ ನೀರೇ ಅಷ್ಟು ಕಣೇ! ಪುಣ್ಯಾತ್ಗಿತ್ತಿ, ಒಂದು ಮಾತು ಅನ್ಲಿಲ್ಲ. ನಕ್ಕೊಂಡೇ ಮಣೆ ಹಾಕಿದ್ಲು. ಅವಳ ಪುಟ್ಟ ಮಗಳು, ವಯಸ್ಸು ನಮ್ಮ ಮಗಳು ಮಂಗಳಾನಷ್ಟೇ ಇರ್ಬೋದು, ನೀರು ತರಾಕೆ ಖಾಲಿ ಕ್ಯಾನ್ ಎತ್ಕೊಂಡು ಗುಡ್ಡದ ಕಡೀಕೆ ಹೋದ್ಲು. ನನ್ನ ಕಾಲು ಒಣಗ್ತು, ಹೊತ್ತು ಮುಳುಗ್ತು, ನನ್ನ ಕರ್ಕೊಂಡೋಗೋ ವ್ಯಾನೂ ಬಂತು. ಮಗು ಮಾತ್ರ ಇನ್ನೂ ಬಂದಿರ್ಲಿಲ್ಲ."

ವರಲಕ್ಷ್ಮಿ ನಲ್ಲಿಯನ್ನು ಇನ್ನೊಂದಿಷ್ಟು ಬಿಗಿದಳು. ಮಾದೇಶನಿಗೆ ಸಂಕಟವಾಯಿತು. ಇವಳ ಸುಖಕ್ಕೆಂದು ಅಷ್ಟು ದೂರ ಹೋಗಿ, ಬಂದ ದಿನವೇ ಅದಕ್ಕೆ ಕಲ್ಲು ಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

"ಹೋಗು, ಮಿಂದು ಬಾ. ನೀನು ಮೀಯ್ಲಿ ಅಂತ್ಲೇ ಕಟ್ಸಿದ್ದು. ಧಾರಾಳವಾಗಿ ಬಿಟ್ಕೋ," ಎಂದ.

ಅವಳು ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು. ಮಾದೇಶ ಕಲ್ಲಿನ ಮೇಲೆ ಕುಳಿತೇ ಶವರಿನ ಸದ್ದಿಗೆ ಕಿವಿಗೊಟ್ಟ. ಶವರಿನ ಬದಲು ಬಕೆಟ್ಟಿಗೆ ನೀರು ಬೀಳತೊಡಗಿ, ಅರ್ಧಕ್ಕೇ ನಿಂತಿತು.

"ಶವರ್ ಬಿಟ್ಕೊಳ್ಳೇ!" ಎಂದು ಕೂಗಿದ.

"ಬುಡಿ, ಇಷ್ಟು ಸಾಕು," ಎಂದಳು ಒಳಗಿನಿಂದ. ಆಮೇಲೆ ಚೊಂಬು ಬಕೆಟ್ಟಿನ ತಳಕ್ಕೆ ತಾಗುವ ಸದ್ದು ಕೇಳಿಸಿತು.