ಮಸ್ಕತ್ತಿನಲ್ಲಿ ಮನೆ ನೋಡಿದ್ದು

ಮನೆ ತೋರಿಸುವವರು ಯಾರೂ ಮೊದಲು ಬಚ್ಚಲು ತೋರಿಸುವುದಿಲ್ಲ. ಹಾಲ್, ಕಿಟಕಿ, ಗಾಳಿ ಬೆಳಕು ಎಲ್ಲ ತೋರಿಸಿ, ನೋಡುವವರ ಮುಖ ಅರಳಿದ ಮೇಲಷ್ಟೇ ಆ ಕಡೆ ಹೊರಳುತ್ತಾರೆ. ಸೂರ್ಯಕಾಂತ ಮಾತ್ರ ಮಸ್ಕತ್ತಿನ ಮೊದಲ ಮನೆಯನ್ನು ಬಚ್ಚಲಿನಿಂದಲೇ ಶುರು ಮಾಡಿದ. ಸಪ್ನಾಳ ತಲೆಗೆ ಅನುಮಾನದ ಹುಳ ಹೊಕ್ಕಿದ್ದು ಅವತ್ತೇ.

ಭಾನುವಾರದ ನಾಷ್ಟಾ ಮುಗಿಸಿ ಗಂಡ, ಹೆಂಡತಿ, ಐದನೇ ಕ್ಲಾಸಿನ ಮಗಳು ಭಕ್ತಿ ಮೂವರೂ ಹೈದರಾಬಾದಿನ ಗಚ್ಚಿಬೌಲಿಯ ತಮ್ಮ ಫ್ಲ್ಯಾಟಿನ ಸೋಫಾದ ಮೇಲೆ ಒತ್ತಿಕೊಂಡು ಕೂತಿದ್ದರು. ಮಸ್ಕತ್ತಿನಲ್ಲಿ ಬಾಡಿಗೆ ಮನೆ ಹುಡುಕಿಕೊಡುವ ಅಮೋಲ್ ಎಂಬ ಏಜೆಂಟ್ ಕಳಿಸಿದ್ದ ವಿಡಿಯೋ ಟಿವಿಯಲ್ಲಿ ಓಡುತ್ತಿತ್ತು. ಸೂರ್ಯಕಾಂತ ಅದನ್ನು ಸರಸರನೆ ಮುಂದೆ ಓಡಿಸಿ ಒಂದು ಕಡೆ ನಿಲ್ಲಿಸಿದ.

“ಇಲ್ಲಿ ನೋಡು. ಬಚ್ಚಲದ ಬಾಗಲಾ ಸೀದಾ ಅಡಗಿಮನಿಯಾಗ ತೆರಿತೈತಿ. ನಿನಗ ಇದು ನಡ್ಯಂಗಿಲ್ಲ, ನನಗ ಗೊತ್ತೈತಿ” ಅಂದ.

ನಿಜಕ್ಕೂ ನಡೆಯುತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲೇ ದೇವರನ್ನು ಇಟ್ಟುಕೊಳ್ಳುವವಳು ಅವಳು. ಆದರೆ “ನಡ್ಯಂಗಿಲ್ಲ” ಅನ್ನುವಾಗ ಗಂಡನ ದನಿಯಲ್ಲಿ ಬೇಜಾರು ಇರಬೇಕಿತ್ತಲ್ಲ? ಅದಿರಲಿಲ್ಲ. ಹೊತ್ತ ಚೀಲವನ್ನು ಕೆಳಗಿಳಿಸಿದವನ ಹಾಗೆ ಒಂದು ನಿರಾಳ ಇತ್ತು. ಇದು ಸಪ್ನಾಳಿಗೆ ಸರಿ ಬರಲಿಲ್ಲ.

ಸೂರ್ಯಕಾಂತ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ, ಔಷಧಿಗಳನ್ನು ತಣ್ಣಗಿಟ್ಟು ಸಾಗಿಸುವ ಗೋದಾಮಿನ ಉಸ್ತುವಾರಿ ನೋಡುತ್ತಿದ್ದ. ಅದೇ ಕೆಲಸ ಮಸ್ಕತ್ತಿನಲ್ಲಿ ಸಿಕ್ಕಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ಬನ್ನಿ ಎಂದು ಕಂಪನಿಯವರೂ ಹೇಳಿದ್ದರು. ಭಕ್ತಿಯ ಪರೀಕ್ಷೆ ಮುಗಿದ ಕೂಡಲೇ ಹೊರಡುವುದೆಂದು ಮಾತಾಗಿತ್ತು. ಸಪ್ನಾ ತಾನು ಗಣಿತ ಕಲಿಸುತ್ತಿದ್ದ ಶಾಲೆಗೆ ರಾಜೀನಾಮೆ ಕೊಟ್ಟಿದ್ದಳು, ಅವಳ ಜಾಗಕ್ಕೆ ಬೇರೊಬ್ಬ ಟೀಚರ್ ಬಂದೂ ಆಗಿತ್ತು. ಭಕ್ತಿಯಂತೂ ಅಪಾರ್ಟ್‌ಮೆಂಟಿನ ಗೆಳತಿಯರ ಮುಂದೆ ತಾನಿನ್ನೂ ಕಾಣದ ಸಮುದ್ರದ ಬಗ್ಗೆ ಕೊಚ್ಚಿಕೊಂಡು ಮುಗಿಸಿದ್ದಳು. ಎಲ್ಲಿ ಇರುವುದು ಅನ್ನುವುದೊಂದೇ ಬಾಕಿ. ಮನೆಯ ಕರಾರು ಆಗದೆ ತಾಯಿ ಮಗಳ ವೀಸಾಕ್ಕೆ ಅರ್ಜಿ ಹಾಕುವಂತಿಲ್ಲ ಎಂದು ಸೂರ್ಯಕಾಂತನೇ ಹೇಳಿದ್ದ. ಮನೆ ಸಿಗದಿದ್ದರೆ ಅವನು ವಿಮಾನ ಹತ್ತುತ್ತಾನೆ, ಇವರಿಬ್ಬರು ಇಲ್ಲೇ ಉಳಿಯುತ್ತಾರೆ.

ಎರಡನೇ ಮನೆ ಬಂತು. ಚೆಂದದ ಮನೆ, ದೊಡ್ಡ ಬಾಲ್ಕನಿ. ಸೂರ್ಯಕಾಂತ ಬಾಲ್ಕನಿಯ ಹತ್ತಿರವೇ ನಿಲ್ಲಿಸಿ, ಕೆಳಗೆ ಬೀದಿಯಲ್ಲಿ ಕಾಣುತ್ತಿದ್ದ ಅಂಗಡಿಗೆ ಬೆರಳಿಟ್ಟ.

“ಅದು ಕಬಾಬ್ ಅಂಗಡಿ. ಮಧ್ಯಾಹ್ನದಿಂದ ಮಾಂಸ ಸುಡತಾರಂತ. ಹೊಗಿ ಎಲ್ಲಾ ಮ್ಯಾಲ ಬರತೈತಿ. ನೀ ಅಂತೂ ಅಲ್ಲಿ ಒಂದ್ ದಿನಾ ಇರಂಗಿಲ್ಲ.”

“ಅಡಗಿಮನಿ ತೋರಸ್ರಿ ಒಮ್ಮೆ” ಅಂದಳು ಸಪ್ನಾ.

“ಏನ್ ಮಾಡತಿ ನೋಡಿ? ಆ ವಾಸನಿಯಾಗ ಊಟ ಇಳಿತೈತೇನು?”

ಮೂರನೆಯದು ಮಸ್ಕತ್ತಿನ ಹೊರಗೆ, ಬರ್ಕಾ ಎಂಬ ಊರಿನಲ್ಲಿ. ಮನೆಗೆ ಏನೂ ಕೊರತೆ ಇರಲಿಲ್ಲ, ಊರೇ ದೂರ. ಶಾಲೆಯ ಬಸ್ಸು ಅಲ್ಲಿಗೆ ಬರುವುದಿಲ್ಲವಂತೆ. ಸಪ್ನಾ ಎಷ್ಟಾದರೂ ಗಣಿತದ ಟೀಚರು, ಸಮಸ್ಯೆ ಕಂಡರೆ ಬಿಡಿಸದೆ ಸುಮ್ಮನಿರುವ ಜಾತಿಯಲ್ಲ. ನಾಲ್ಕು ಮನೆಯವರು ಸೇರಿ ವ್ಯಾನ್ ಮಾಡಿಕೊಳ್ಳಬಹುದಲ್ಲ ಅಂದಳು. ಅಲ್ಲಿ ನಾಲ್ಕು ಮನೆಯವರು ಇಲ್ಲ ಅಂದ. ತಾನೇ ಕಾರು ಕಲಿಯುತ್ತೇನೆ ಅಂದಳು. ಅಲ್ಲಿ ಹೆದ್ದಾರಿ, ನಿನಗೆ ಆಗುವುದಿಲ್ಲ ಅಂದ. ಹಾಗೆಂದವನೇ ಎದ್ದು ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು ಯಾರಿಗೋ ಫೋನ್ ಮಾಡಿದ.

ಆ ಬಾಗಿಲೇ ಸಾಕಾಯಿತು. ಹದಿಮೂರು ವರ್ಷದ ಸಂಸಾರದಲ್ಲಿ ಅವನು ಫೋನಿನಲ್ಲಿ ಮಾತಾಡಲು ಬಾಗಿಲು ಹಾಕಿಕೊಂಡಿದ್ದನ್ನು ಅವಳು ನೋಡಿರಲಿಲ್ಲ. ಇನ್ನೇನು, ಹೆಣ್ಣೊಬ್ಬಳು ಇದ್ದೇ ಇದ್ದಾಳೆ ಎಂದು ಅವಳ ಮನಸ್ಸು ತೀರ್ಮಾನ ಕೊಟ್ಟುಬಿಟ್ಟಿತು. ಮರುದಿನದಿಂದ ಸಪ್ನಾ ಪೊಲೀಸ್ ಕೆಲಸಕ್ಕಿಳಿದಳು. ಒಗೆಯುವ ನೆಪದಲ್ಲಿ ಅಂಗಿಯ ಜೇಬು ತಡಕಿದಳು, ಪೆಟ್ರೋಲ್ ಬಂಕಿನ ಚೀಟಿ ಬಿಟ್ಟರೆ ಏನೂ ಸಿಗಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಫೋನ್ ತೆಗೆದಳು. ಅದರಲ್ಲಿದ್ದದ್ದು ಗೋದಾಮಿನ ತಾಪಮಾನದ ಮೆಸೇಜುಗಳು, ಅವನ ತಮ್ಮ ಕಲ್ಲೇಶ ಕಳಿಸಿದ ಗುಡ್ ಮಾರ್ನಿಂಗ್ ಹೂವುಗಳು. ಇಂಥ ಗಂಡಸಿಗೆ ಯಾವ ಹೆಣ್ಣು ಬಿದ್ದಾಳು ಎಂದು ಅವಳಿಗೇ ನಗು ಬಂತು. ನಗು ನಿಂತ ಮೇಲೆ ಅನುಮಾನ ಮತ್ತೆ ಎದ್ದು ಕೂತಿತು. ಹೆಣ್ಣಿಲ್ಲ ಅಂದರೆ ಮತ್ತೇನು?

ಉತ್ತರ ಸಿಕ್ಕಿದ್ದು ಅಮೀರ್‌ಪೇಟಿನ ತವರಿನಲ್ಲಿ, ಅದೂ ಅವಳು ಕೇಳದೆಯೇ.

ಅವಳ ಅಪ್ಪ ಸಿದ್ದರಾಮಪ್ಪ ಹುಮನಾಬಾದಿನ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಅರಿವೆ ಅಂಗಡಿ ನಡೆಸಿದವರು. ಈಗ ಮನೆಯ ಮೇಲಿನ ಮಹಡಿಯನ್ನು ಕೋಚಿಂಗಿಗೆ ಬರುವ ಹುಡುಗರಿಗೆ ಹಾಸ್ಟೆಲ್ ಮಾಡಿ ಬಿಟ್ಟು ಕೆಳಗೆ ಆರಾಮಾಗಿದ್ದರು. ಆರಾಮು ಅಂದರೆ, ಊರಿನ ಲಿಂಗಾಯತರ ಮದುವೆಗಳನ್ನೆಲ್ಲ ತಮ್ಮ ಕುರ್ಚಿಯಿಂದಲೇ ಕೂಡಿಸುವುದು, ಮುರಿಯುವುದು. ಕೂಡಿಸುವುದಕ್ಕಿಂತ ಮುರಿಯುವುದರಲ್ಲಿ ಅವರ ಕೈ ಪಳಗಿತ್ತು. ಯಾರಿಗೂ ನೋವಾಗದ ಹಾಗೆ ಸಂಬಂಧ ತಪ್ಪಿಸಬೇಕಾದರೆ ಮಂದಿ ಅವರ ಬಳಿಗೇ ಬರುತ್ತಿದ್ದರು.

ಸಪ್ನಾ ಹೋದಾಗ ಅವರು ಯಾರದೋ ಫೋನ್ ಮುಗಿಸಿ ಚಹಾಕ್ಕೆ ಕೈ ಹಾಕಿದ್ದರು.

“ಏನಪ್ಪಾ, ಯಾರ್ದು?” ಅಂದಳು.

“ನಮ್ಮ ಅಮರಯ್ಯನ ಮಗಂದು, ಯವ್ವಾ. ಬೀದರಿನ ಕನ್ಯಾ ನೋಡಿ ಬಂದಾರ. ಹುಡುಗಗ ಮನಸಿಲ್ಲ. ಹಂಗಂತ ಹೆಣ್ಣಿನವರಿಗಿ ಬ್ಯಾಡ ಅನ್ನಾಕ ಬರತೈತೇನು? ನಾಳಿ ಮತ್ತ ಮಾರಿ ನೋಡಬೇಕು. ಅದಕ್ಕ ನಾನ ಫೋನ್ ಹಚ್ಚಿ, ಹುಡುಗಂದು ರಾತ್ರಿ ಪಾಳಿ ಐತಿ ಅಂದೆ. ಮನಿಯಾಗ ನೀರಿನ ತ್ರಾಸ ಐತಿ ಅಂದೆ. ಅತ್ತಿ ಸ್ವಲ್ಪ ಸಿಡುಕು ಅಂತ ಅದನ್ನೂ ಹೇಳಿದೆ. ಇನ್ನೆರಡು ದಿನದಾಗ ಅವರ ಬ್ಯಾಡ ಅಂತಾರ ನೋಡು. ನಾವು ಬಾಯಿ ಬಿಡೂದ ಬ್ಯಾಡ.”

ಬಿಸ್ಕೀಟು ಅದ್ದಿ ಬಾಯಿಗಿಟ್ಟುಕೊಂಡು ಮುಂದುವರಿಸಿದರು. “ನಿನ್ನ ಗಂಡಗೂ ಕಲಿಸೇನಿ ಇದನ್ನ. ಹೋದ ವರ್ಷ ಕಲ್ಲೇಶಗ ಬಂದಿದ್ದ ಸಂಬಂಧ ಎಷ್ಟು ಚಂದ ತಪ್ಪಿಸಿದಾ ಅಂತಿ. ಕೊರತಿ ಒಂದೊಂದ ಮುಂದಿಟ್ಟಾ, ಹೆಣ್ಣಿನವರ ಕೈ ಮುಗದು ಹೋದ್ರು. ನನಗಿಂತ ಹುಷಾರ್ ಆಗ್ಯಾನ ಅಳಿಯ.”

ಬಚ್ಚಲಿನ ಬಾಗಿಲು, ಕಬಾಬಿನ ಹೊಗೆ, ಬಾರದ ಬಸ್ಸು ಎಲ್ಲ ಸಪ್ನಾಳಿಗೆ ಒಟ್ಟಿಗೆ ಅರ್ಥವಾದವು. ಅವನು ಮನೆ ಹುಡುಕುತ್ತಿರಲಿಲ್ಲ. ಒಲ್ಲದ ಸಂಬಂಧವನ್ನು ತಪ್ಪಿಸುತ್ತಿದ್ದ. ಆ ಸಂಬಂಧ ತಾನು, ತನ್ನ ಮಗಳು. ಬೇಡ ಅನ್ನುವ ಮಾತು ತನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದ. ಆಮೇಲೆ ಊರವರೆಲ್ಲ, ಗಂಡ ಪಾಪ ಎಷ್ಟು ಮನೆ ತೋರಿಸಿದ, ಇವಳಿಗೇ ಯಾವುದೂ ಹಿಡಿಸಲಿಲ್ಲ ಅನ್ನಬೇಕು. ಅವಳಿಗೆ ಸಿಟ್ಟಿಗಿಂತ ಮೊದಲು ಅವಮಾನವಾಯಿತು.

ಆದರೂ ಅನುಮಾನಕ್ಕೆ ಪುರಾವೆ ಬೇಕಲ್ಲ. ಮನೆಗೆ ಹೊರಟು, ರಾಯದುರ್ಗದಲ್ಲಿ ಮೆಟ್ರೋ ಇಳಿದವಳೇ ಒಂದು ಬದಿಗೆ ನಿಂತು ಅಮೋಲ್‌ನಿಗೆ ಫೋನ್ ಹಚ್ಚಿದಳು. ಅವನ ನಂಬರು ಪ್ರತಿ ವಿಡಿಯೋದ ಕೊನೆಗೆ ದೊಡ್ಡದಾಗಿ ಬರುತ್ತಿತ್ತು. ಸೋಲಾಪುರದ ಕಡೆಯ ಮನುಷ್ಯ, ಕನ್ನಡ ಚೆನ್ನಾಗಿ ಬರುತ್ತಿತ್ತು. ಯಾರೆಂದು ಹೇಳಿದ ಕೂಡಲೇ ಖುಷಿಯಾದ.

“ಅರೆ ವೈನಿ, ನೀವರೇ ಫೋನ್ ಮಾಡಿದ್ರಿ, ಚಲೋ ಆತು. ಮೊದಲ ಕಳಿಸಿದ್ದು ಅಲ್ ಖುವೈರ್ ಮನಿ ನೋಡಿದ್ರೇನು? ಮಗಳಿಗಿ ಸಾಲಿ ಹತ್ರ ಐತ್ರಿ, ಕೆಳಗಿನ ಮನಿಯವರೂ ನಮ್ಮ ಮಂದಿ. ಇನ್ನೂ ಖಾಲಿ ಐತಿ.”

“ಅದನ್ನ ನಾ ನೋಡಿಲ್ರಿ” ಅಂದಳು ಸಪ್ನಾ.

“ಹೌದಾ? ಸಾಹೇಬ್ರು ಫೋನ್ ಮಾಡಿ ಅದು ಬ್ಯಾಡ ಅಂದ್ರಲ್ರಿ. ಏನರೇ ಒಂದು ಕೊರತಿ ಇದ್ದ ಮನಿ ಇದ್ರ ಕಳಿಸು ಅಂದ್ರು. ಬಾಡಿಗಿ ಇಳಸಾಕ ಇರಬೇಕು ಅಂತ ನಾನೂ ಸುಮ್ನಾದೆ.”

ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಕ್ಯಾಬ್ ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತಾಗ ಅತ್ತಳು. ಡ್ರೈವರ್ ತೆಲುಗಿನಲ್ಲಿ ಎಸಿ ಜಾಸ್ತಿ ಮಾಡಲೇ ಅಮ್ಮಾ ಎಂದು ಕೇಳಿದ, ಮಾಡು ಅಂದಳು.

ಸಂಜೆ ಭಕ್ತಿ ಕೆಳಗೆ ಆಡಲು ಹೋಗಿದ್ದಾಗ ಸೂರ್ಯಕಾಂತ ನಾಲ್ಕನೇ ಮನೆ ತೆಗೆದ. ಐದನೇ ಮಹಡಿ.

“ಲಿಫ್ಟ್ ಇಲ್ಲ ಇದಕ್ಕ” ಅಂತಲೇ ಶುರು ಮಾಡಿದ.

“ಇದ ಇರಲಿ” ಅಂದಳು ಸಪ್ನಾ.

ಅವನಿಗೆ ಕೇಳಿಸಿದ್ದು ನಂಬಿಕೆಯಾಗಲಿಲ್ಲ. “ಲಿಫ್ಟ್ ಇಲ್ಲ ಅಂದೆ.”

“ಕೇಳಿಸ್ತು. ಹತ್ತತೀವಿ.”

“ಪಡುವಣ ಬಿಸಲು. ಬ್ಯಾಸಿಗ್ಯಾಗ ಒಲಿ ಆಗತೈತಿ.”

“ಪರದಿ ಹಾಕೋಣು.”

“ನೀರಿನ ಟ್ಯಾಂಕರ್ ತರಸಬೇಕಾಗತೈತಿ ಒಮ್ಮೊಮ್ಮೆ.”

“ಇಲ್ಲೇನು ತರಸಂಗಿಲ್ಲೇನ್ರಿ ಎಪ್ರಿಲ್ ಬಂತಂದ್ರ?”

“ದೇವರ ಜಗಲಿಗಿ ಜಾಗಾ ಇಲ್ಲ, ಸಪ್ನಾ.”

“ನನ್ನ ದೇವರು ಕೊಳ್ಳಾಗಿನ ಲಿಂಗದಾಗ ಐತಿ. ಅದಕ್ಕ ಬ್ಯಾರೆ ಖೋಲಿ ಬೇಕಿಲ್ಲ.” ಅವಳು ಅವನ ಕಡೆ ತಿರುಗಿ ಕೂತಳು. “ಇನ್ನೇನರೇ ಕೊರತಿ ಉಳದೈತೇನ್ರಿ? ಇದ್ರ ಹೇಳಿಬಿಡ್ರಿ. ಬಚ್ಚಲಾ ಅಡಗಿಮನಿಯಾಗಿದ್ದದ್ದೂ ನಡಿತೈತಿ ನನಗ. ಕಬಾಬ್ ವಾಸನಿನೂ ನಡಿತೈತಿ.”

ಸೂರ್ಯಕಾಂತ ರಿಮೋಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಇನ್ನೂ ಹುಡುಕುತ್ತಿದ್ದ, ಪಾಪ. ಮುಖದಲ್ಲೇ ಕಾಣುತ್ತಿತ್ತು.

“ಅಮೋಲ್ ಜೋಡಿ ಮಾತಾಡೀನಿ” ಅಂದಳು. “ಅಲ್ ಖುವೈರ್ ಮನಿ ಇನ್ನೂ ಖಾಲಿ ಐತಂತ.”

ಅವನು ಟಿವಿ ಆರಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ. “ಯಾರೂ ಇಲ್ಲ ಸಪ್ನಾ. ನೀ ಹಂಗ ತಿಳಕೋಬ್ಯಾಡ.”

“ಮತ್ತ?”

“ಒಬ್ಬನ ಇರಬೇಕು ಅನಿಸೈತಿ. ಸಣ್ಣಾಂವ ಇದ್ದಾಗ ಒಂದ ಖೋಲಿಯಾಗ ಐದು ಮಂದಿ ಮಲಗತಿದ್ವಿ. ಕಾಲೇಜಿನಾಗ ಕಾಕಾನ ಮನಿ. ಆಮ್ಯಾಲ ಲಗ್ನ ಆತು. ಒಂದ್ ದಿನಾನೂ ಮನಿ ಕೀಲಿ ನಾನ ತಗದು, ಒಳಗ ಯಾರೂ ಇಲ್ಲದ್ದು ನೋಡಿಲ್ಲ. ಆ ಕೆಲಸ ಸಿಕ್ತಲ್ಲ, ಮೊದಲ ನೆನಪಾಗಿದ್ದು ಅದ. ನಿನಗ ಹೆಂಗ ಹೇಳಲಿ ಇದನ್ನ?”

ಹೆಣ್ಣೊಬ್ಬಳಾದರೂ ಇದ್ದಿದ್ದರೆ ಜಗಳ ತೆಗೆಯಬಹುದಿತ್ತು. ನಾಲ್ಕು ಮಂದಿ ಹಿರಿಯರನ್ನು ಕರೆದು ಪಂಚಾಯಿತಿ ಮಾಡಿಸಬಹುದಿತ್ತು. ಯಾರೂ ಇಲ್ಲದ ಖಾಲಿ ಮನೆಯ ಜೊತೆ ಹೇಗೆ ಜಗಳಾಡುವುದು? ಸಪ್ನಾಳಿಗೆ ಅವನ ಮೇಲೆ ಕನಿಕರ ಬರತೊಡಗಿತ್ತು. ಅದು ಬಂದದ್ದಕ್ಕೇ ಮೈಯೆಲ್ಲ ಉರಿಯಿತು.

“ಹಿಂಗ ಅಂತ ಮೊದಲ ದಿನಾನ ಹೇಳಿದ್ರ ನಾ ನೌಕರಿ ಬಿಡತಿದ್ದಿಲ್ಲ” ಅಂದಳು. “ನನ್ನ ಕಡಿಂದ ಬ್ಯಾಡ ಅನಸಬೇಕು ಅಂತ ಮಾಡಿದ್ರಿ. ನಾ ಅನ್ನಂಗಿಲ್ಲ. ನೀವ ಅನ್ನಬೇಕು. ಭಕ್ತಿಗೂ ನೀವ ಹೇಳಬೇಕು.”

“ಅಕಿ ಸಣ್ಣಾಕಿ. ನೀ ತಿಳಿಸಿ ಹೇಳಿದ್ರ…”

“ನಾ ಹೇಳಂಗಿಲ್ರಿ.”

ಬಾಗಿಲು ತಳ್ಳಿಕೊಂಡು ಭಕ್ತಿ ಬೆವರುತ್ತ ಬಂದಳು. ಟಿವಿ ಆರಿದ್ದು ನೋಡಿ, ಹೊಸ ಮನೆ ಬರಲಿಲ್ಲವೇ ಎಂದು ಕೇಳಿದಳು.

“ಬಂದಿತ್ತು” ಅಂದ ಸೂರ್ಯಕಾಂತ. “ಅದು ಅಷ್ಟು ಚಲೋ ಇಲ್ಲ ಪುಟ್ಟಿ. ಲಿಫ್ಟ್ ಇಲ್ಲ.”

“ಇರ್ಲಿ ಪಪ್ಪಾ. ಇನ್ನೊಂದು ನೋಡೋಣ.”

ಅವನು ಹೆಂಡತಿಯ ಕಡೆ ನೋಡಿದ. ಇಷ್ಟು ವರ್ಷ ಅವನು ಹಾಗೆ ನೋಡಿದಾಗಲೆಲ್ಲ, ಶಾಲೆಯವರಿಗೆ, ನೆಂಟರಿಗೆ, ಸಾಲ ಕೇಳಲು ಬಂದವರಿಗೆ ಅವಳೇ ಉತ್ತರ ಕೊಟ್ಟು ಅವನನ್ನು ಉಳಿಸಿದ್ದಳು. ಈಗಲೂ ಅವಳ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು, ನುಂಗಿಕೊಂಡಳು.

“ಇನ್ನ ಮನಿ ನೋಡೂದಿಲ್ಲ ಪುಟ್ಟಿ. ನಾ ಒಬ್ಬನ ಹೋಗಾಕತ್ತೀನಿ” ಅಂದ ಸೂರ್ಯಕಾಂತ.

ಭಕ್ತಿ ಅಪ್ಪನ ಮುಖ ನೋಡಿದಳು. ತಮಾಷೆಯಲ್ಲ ಎಂದು ತಿಳಿಯುತ್ತಲೇ ಅವಳ ಕಣ್ಣು ಸಿಟ್ಟಿನಿಂದ ತಾಯಿಯ ಕಡೆ ತಿರುಗಿತು.

“ಮಮ್ಮಿ ಬ್ಯಾಡ ಅಂದಳೇನು?”

ಈಗ ಅವನು ಹೂಂ ಅಂದುಬಿಟ್ಟರೆ ಮುಗಿಯಿತು. ಮಗಳು ಅದನ್ನು ನಂಬುತ್ತಾಳೆ, ಊರೂ ನಂಬುತ್ತದೆ. ಸೂರ್ಯಕಾಂತನಿಗೂ ಅದು ಗೊತ್ತಾಯಿತು.

“ಇಲ್ಲ” ಅಂದ. “ನಿಮ್ಮ ಮಮ್ಮಿ ಎಲ್ಲಾ ಮನಿಗೂ ಹೂಂ ಅಂದಳು. ಬ್ಯಾಡ ಅಂದಾಂವ ನಾನ.”

ಭಕ್ತಿ ತಾಯಿಯ ಪಕ್ಕಕ್ಕೆ ಬಂದು, ಬೆವರಿದ ಮೈಯನ್ನು ಅವಳಿಗೆ ಒತ್ತಿ ಕೂತಳು. ಸಪ್ನಾ ತಾನು ಕೇಳಬೇಕೆಂದು ಹಟ ಹಿಡಿದ ಮಾತನ್ನು ಕೇಳಿಯಾಗಿತ್ತು. ಅದು ಅವಳಂದುಕೊಂಡದ್ದಕ್ಕಿಂತ ಹೆಚ್ಚು ನೋಯಿಸಿತು.