ಹೆಬ್ಬೆಟ್ಟಿನ ಸರ್ವೀಸು

“ಹೆಬ್ಬೆಟ್ಟೊತ್ತೋ ನನ್ಮಗ ಸೀನಿಯರ್ ಸೂಪರ್‌ವೈಸರ್ ಆಗ್ಬೇಕಂತೆ ಕಣ್ರಿ.”

ಎಂಜಿನಿಯರ್ ಪುಟ್ಟಸ್ವಾಮಯ್ಯ ನನ್ನ ಅರ್ಜಿಯನ್ನು ಎರಡೇ ಬೆರಳಲ್ಲಿ ಎತ್ತಿ ಗುಮಾಸ್ತ ಅನಂತರಾಮಯ್ಯನಿಗೆ ತೋರಿಸಿದರು. ಚಿಕ್ಕಬಳ್ಳಾಪುರದ ನೀರಾವರಿ ಆಫೀಸು. ಎದುರಿಗೆ ಕುರ್ಚಿ ಖಾಲಿಯಿತ್ತು. ನಾನು ನಿಂತೇ ಇದ್ದೆ.

ಅರ್ಜಿಯಲ್ಲಿ ಸುಳ್ಳಿರಲಿಲ್ಲ. ತಪ್ಪಾದೀತೆಂದು ಮೂರು ಸಲ ಹರಿದು ಬರೆದಿದ್ದೆ. ಹನ್ನೆರಡು ವರ್ಷ ನೀರಗಂಟಿ. ಮಂಡಿಕಲ್ ಕಡೆಯ ಕೆರೆಗಳಲ್ಲಿ ಮುಳುಗಿ ತೂಬಿನ ಬೆಣೆ ಬಿಡಿಸುವ ಕೆಲಸ. ಆಮೇಲೆ ಬೆಂಗಳೂರಲ್ಲಿ ಹಗಲು ಜಲ್ಲಿ ಹೊತ್ತು, ಸಂಜೆ ತರಗತಿಯಲ್ಲಿ ಡಿಪ್ಲೊಮಾ. ಐವತ್ತೆಂಟನೇ ಇಸವಿಯಿಂದ ಆರು ವರ್ಷ ಇದೇ ಇಲಾಖೆಯಲ್ಲಿ ದಿನಗೂಲಿ ಮೇಸ್ತ್ರಿ. ಹುದ್ದೆಗೆ ಐದು ವರ್ಷದ ಸರ್ವೀಸು ಸಾಕಿತ್ತು.

ಅನಂತರಾಮಯ್ಯ ಹಾಜರಿ ಪುಸ್ತಕ ತೆರೆದ. ಪುಟಪುಟದಲ್ಲೂ ನನ್ನ ಹೆಬ್ಬೆಟ್ಟು.

“ಡಿಪ್ಲೊಮಾ ಓದಿದ ಕೋನಪ್ಪ ಹೆಬ್ಬೆಟ್ಟು ಯಾಕೊತ್ತುತಾನೆ? ಯಾರ ಸರ್ಟಿಫಿಕೇಟು ಕದ್ದೆ, ಹೇಳಪ್ಪ.”

ಒತ್ತಿಸಿದವನು ಅವನೇ. ಮೊದಲ ದಿನ ಪೆನ್ನಿಗೆ ಕೈ ಚಾಚಿದಾಗ, ನೀನು ಮುಟ್ಟಿದ್ದನ್ನು ನಾನು ಜೇಬಿಗಿಟ್ಟುಕೊಳ್ಳಬೇಕೇನೋ ಎಂದು ಕೇಳಿ ಮಸಿಯ ಪ್ಯಾಡು ತಳ್ಳಿದ್ದ. ಕೆಲಸ ಹೋದೀತೆಂದು ಒತ್ತಿದೆ. ಆರು ವರ್ಷ ಒತ್ತಿದೆ. ಅವನಿಗಿಂತ ನನ್ನ ಬೆರಳೇ ನನಗೆ ಹೇಸಿಗೆಯಾಗಿತ್ತು.

ಗೋಡೆಯ ಮೇಲೆ ನಮ್ಮೂರ ಕೆರೆಯ ತೂಬಿನ ನಕ್ಷೆಯಿತ್ತು. ಅದರ ಆಳಗಳನ್ನೆಲ್ಲ ನೀರಿನೊಳಗೆ ಮೊಳ ಹಾಕಿ ಅಳೆದು ಕೂಗಿದವನು ನಾನು. ಏರಿಯ ಮೇಲೆ ಕೊಡೆ ಹಿಡಿದು ಬರೆದುಕೊಂಡವರು ಪುಟ್ಟಸ್ವಾಮಯ್ಯ. ಸಹಿ ಅವರದು. ಇದನ್ನು ತಡವರಿಸುತ್ತಲೇ ಹೇಳಿದೆ.

“ಎಮ್ಮೇನೂ ನೀರಲ್ಲಿ ಮುಳುಗುತ್ತೆ. ಅದಕ್ಕೂ ಒಂದು ಪೋಸ್ಟ್ ಕೊಡಣ್ವಾ? ನಡಿಯೋ ಬೋಳಿಮಗನೆ,” ಎಂದರು ಪುಟ್ಟಸ್ವಾಮಯ್ಯ.

ಒಂಬತ್ತು ದಿನದ ಮೇಲೆ ನಮ್ಮ ಕೇರಿಗೆ ಜೀಪು ಬಂತು. ಅದೇ ತೂಬಿನ ಬೆಣೆ ಕಚ್ಚಿಕೊಂಡಿತ್ತು. ಮಾರನೆಯ ದಿನ ದೊಡ್ಡ ಸಾಹೇಬರು ಬಂದು ಗದ್ದೆಗಳಿಗೆ ನೀರು ಬಿಡುವವರಿದ್ದರು. ಇಳಿಯಬಲ್ಲವನು ನಾನೊಬ್ಬನೇ.

ತೂಬಿನ ಹತ್ತಿರ ಹಸಿರು ಪಾಚಿಯಲ್ಲಿ ಸತ್ತ ನಾಯಿಯೊಂದು ಉಬ್ಬಿ ತೇಲುತ್ತಿತ್ತು. ಪುಟ್ಟಸ್ವಾಮಯ್ಯ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಅನಂತರಾಮಯ್ಯ ಜೀಪಿನ ಮೇಲೆ ಹಾಜರಿ ಪುಸ್ತಕ ಬಿಡಿಸಿ, ಮಸಿಯ ಪ್ಯಾಡು ಇಟ್ಟು, ಒತ್ತಿ ಇಳಿ ಎಂದ.

ನಾನು ಅವನ ಜೇಬಿನಿಂದ ಪೆನ್ನು ಕಿತ್ತುಕೊಂಡೆ.

ಅಕ್ಷರ ಸೊಟ್ಟಗಾಯಿತು. ಆದರೂ ಬರೆದೆ: ಕೋನಪ್ಪ, ಡಿಪ್ಲೊಮಾ. ಪುಟ ಹಿಂದೆ ತಿರುವಿದೆ. ಒಂದೊಂದು ಹೆಬ್ಬೆಟ್ಟಿನ ಪಕ್ಕಕ್ಕೂ ಸಹಿ ಹಾಕುತ್ತ ಹೋದೆ.

“ಪುಸ್ತಕ ಕೆಡಿಸಿಬಿಟ್ಯಲ್ಲೋ ಸೂಳೆಮಗನೆ,” ಎಂದ ಅನಂತರಾಮಯ್ಯ. ಆದರೆ ಪೆನ್ನು ಕಿತ್ತುಕೊಳ್ಳಲು ಬರಲಿಲ್ಲ. ನಾನು ಮುಟ್ಟಿಯಾಗಿತ್ತು. ಕೊನೆಯ ಸಹಿ ಹಾಕಿ ಅದನ್ನು ನನ್ನ ಜೇಬಿಗೇ ಸಿಕ್ಕಿಸಿಕೊಂಡೆ.

ಪುಟ್ಟಸ್ವಾಮಯ್ಯ ಕರವಸ್ತ್ರ ಇಳಿಸಿದರು. “ಕೋನಪ್ಪ, ಮೊದ್ಲು ಇಳಿಯಪ್ಪ. ನಿನ್ ಅರ್ಜಿ ಆಮೇಲೆ ನೋಡಣ.”

ಸೊಂಟಕ್ಕೆ ಕಟ್ಟುವ ಹಗ್ಗವನ್ನು ನಾನು ಅವರತ್ತ ಚಾಚಿದೆ.

“ನಕ್ಸೆ ನಿಮ್ದು ಸಾಮಿ, ನೀವೇ ಇಳೀರಿ. ಏಳ್ನೇ ಮೊಳದಾಗೆ ಒಂದ್ ಕಲ್ಲು ಮುರಿದೈತೆ. ಕಾಲು ಸಿಗಾಕ್ಕಂಡಾತು, ಜ್ವಾಪಾನ.”

ನಾಯಿ ತೂಬಿನ ಕಲ್ಲಿಗೆ ತಾಗಿ ನಿಧಾನವಾಗಿ ಮಗ್ಗುಲು ಬದಲಿಸಿತು. ನಾನು ಕೈ ಚಾಚಿಯೇ ನಿಂತಿದ್ದೆ. ಹಗ್ಗದ ಆ ತುದಿಯನ್ನು ಯಾರೂ ಮುಟ್ಟಲಿಲ್ಲ.