ಹೊರಗೆ ಹೋಗದ ಗ್ಲ್ಯಾಡಿಸ್ ಬಾಯಿ

ಬಸುರಿಯೊಬ್ಬಳು ಬಸ್ಸು ಹತ್ತುವುದು ಕಣ್ಣಿಗೆ ಬಿದ್ದರೆ ಸಾಕು, ಗ್ಲ್ಯಾಡಿಸ್ ಬಾಯಿ ಬಲಭುಜವನ್ನು ಮುಂದೆ ಮಾಡಿ, ಎಡಗೈಯನ್ನು ಅವಳತ್ತ ಹಿಂದಕ್ಕೆ ಚಾಚಿ, "ಜಾಗ ಬಿಡಿ, ಇಬ್ಬರಿದ್ದಾರೆ!" ಎನ್ನುತ್ತ ಜನಸಂದಣಿಯನ್ನು ಸೀಳಿಕೊಂಡು ನಡೆಯುತ್ತಿದ್ದರು. ಕೊಟ್ಟಾರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ದಾದಿಯಾಗಿ ದುಡಿದು ನಿವೃತ್ತರಾದ ಮೇಲೂ ಆ ನಡಿಗೆ ಅವರನ್ನು ಬಿಟ್ಟಿರಲಿಲ್ಲ. ಒಮ್ಮೆ ಕಂಡಕ್ಟರ್ ವಿಲ್ಲಿ, "ಹಾಗಾದ್ರೆ ಎರಡು ಟಿಕೆಟ್ ಕೊಡ್ಲಾ ಬಾಯಿ?" ಎಂದು ಕೀಟಲೆ ಮಾಡಿದ. "ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಅಮ್ಮ ಎಷ್ಟು ಟಿಕೆಟ್ ತೆಗ್ದಿದ್ರು, ಕೇಳಿ ಬಾ ಮಾರಾಯ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ಅವರಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಗರ್ಭ ನಿಂತ ಗಳಿಗೆಯಿಂದಲೇ ಅಲ್ಲೊಂದು ಮನುಷ್ಯಜೀವ ಉಂಟೆಂಬುದು ಅವರ ಅಚಲ ಶ್ರದ್ಧೆ. ಇಷ್ಟು ವರ್ಷಗಳ ನೆರೆಹೊರೆಯಲ್ಲಿ ಭ್ರೂಣವೆಂಬ ಶಬ್ದವನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಕೆಲಸದಲ್ಲಿದ್ದಾಗ, ಗರ್ಭಪಾತಕ್ಕೆಂದು ಯಾರಾದರೂ ಆಸ್ಪತ್ರೆಗೆ ಬಂದ ದಿನ ಕೈಗವಸು ಕಳಚಿಟ್ಟು, ಹೊರಗಿನ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂರುತ್ತಿದ್ದರು. ವಾದವಿಲ್ಲ, ಬೈಗುಳವಿಲ್ಲ, ಎದ್ದು ಹೋಗುವುದು, ಅಷ್ಟೆ. ಆ ಹಟದ ಮೇಲೆ ನನಗೆ ಗೌರವವೂ ಇತ್ತು, ಸಿಟ್ಟೂ ಇತ್ತು.

ಕಾವೂರಿನ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅಕ್ಷಿತಾಳಿಗೆ ಆಗ ಐದನೇ ತಿಂಗಳು. ಗಂಡ ದೀಪೇಶ್ ಕುವೈತಿನಲ್ಲಿ, ರಜೆ ಸಿಕ್ಕಿರಲಿಲ್ಲ. ಮಗುವಿನ ತಲೆಬುರುಡೆ ಬೆಳೆದೇ ಇಲ್ಲವೆಂದು ಸ್ಕ್ಯಾನಿನಲ್ಲಿ ತಿಳಿಯಿತು. ಹುಟ್ಟಿದರೂ ಕೆಲವೇ ಗಂಟೆ ಬದುಕೀತು, ತೆಗೆಸುವುದೋ ಹೊರುವುದೋ ನೀವೇ ಹೇಳಬೇಕು ಎಂದರು ಡಾಕ್ಟರು. ಅವಳು ಫೈಲು ಹಿಡಿದುಕೊಂಡು ನೇರವಾಗಿ ಗ್ಲ್ಯಾಡಿಸ್ ಬಾಯಿಯ ಅಡುಗೆಮನೆಗೆ ಬಂದಳು.

"ಬಾಯಮ್ಮ, ನೀವು ಯಾವಾಗ್ಲೂ ಇಬ್ಬರು ಅಂತ ಹೇಳ್ತೀರಲ್ಲ. ಈಗ ನಾನು ಎಂತ ಮಾಡುದು?"

"ಇಬ್ಬರೇ ಮಗಾ. ನಾನು ಸುಳ್ಳು ಹೇಳುದಿಲ್ಲ. ಆದ್ರೆ ಇನ್ನು ನಾಲ್ಕು ತಿಂಗಳು ಹೊರಬೇಕಾದವಳು ನೀನು, ನಾನಲ್ಲ."

"ನನ್ನಿಂದ ಆಗುದಿಲ್ಲ. ತೆಗೆಸ್ತೇನೆ." ತುಸು ತಡೆದು ಕೇಳಿದಳು: "ಆಗ ನೀವು ಹೊರಗೆ ಹೋಗ್ತೀರಾ?"

ಆ ಪ್ರಶ್ನೆ ಎಲ್ಲಿ ತಾಕಿತೆಂಬುದನ್ನು ಅವರು ಆಮೇಲೆ ನನ್ನಲ್ಲಿ ಹೇಳಿಕೊಂಡರು. ಎಷ್ಟೋ ವರ್ಷಗಳ ಹಿಂದೆ ಹುಡುಗಿಯೊಬ್ಬಳು ಮೇಜಿನ ಮೇಲೆ ಮಲಗಿದ್ದಲ್ಲಿಂದಲೇ "ಸಿಸ್ಟರ್, ಹೋಗ್ಬೇಡಿ" ಎಂದು ಕೈ ಹಿಡಿದಿದ್ದಳಂತೆ. ಇವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಜಗಲಿಗೆ ನಡೆದಿದ್ದರಂತೆ. "ಇಬ್ಬರು ಅಂತ ಹೇಳಿದ್ದು ನಾನೇ. ಆ ದಿನ ಒಬ್ಬಳನ್ನು ಬಿಟ್ಟುಬಂದವಳೂ ನಾನೇ." ಎಂದರು.

ತೆಗೆಸುವ ದಿನ ಆಸ್ಪತ್ರೆಯಲ್ಲಿ ಅಕ್ಷಿತಾಳ ಪಕ್ಕದಲ್ಲಿ ಅವರು ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದರು. ಎಲ್ಲ ಮುಗಿದ ಮೇಲೆ ಅವಳು ಮಗುವನ್ನು ನೋಡಬೇಕೆಂದಳು. ಗ್ಲ್ಯಾಡಿಸ್ ಬಾಯಿ ಮೆತ್ತನೆಯ ಹತ್ತಿಬಟ್ಟೆಯಿಂದ ತಲೆ ಮುಖಗಳನ್ನು ಮುಚ್ಚಿ, ಪಾದಗಳನ್ನಷ್ಟೇ ಹೊರಗಿಟ್ಟು, ಅವಳ ಅಂಗೈಗೆ ತಂದರು. "ಕಾಲು ನೋಡು ಮಗಾ. ಎರಡನೇ ಬೆರಳು ಉದ್ದ ಉಂಟು, ನಿನ್ನ ಹಾಗೆಯೇ." ಹೇಳಿ ಮುಗಿಸುವಷ್ಟರಲ್ಲಿ ಅವರೇ ಬಿಕ್ಕಿಬಿಕ್ಕಿ ಅತ್ತುಬಿಟ್ಟರು.

ಮುಂದಿನ ಗುರುವಾರ ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಬಾಲಯೇಸುವಿನ ಮೂರ್ತಿಯ ಮುಂದೆ ಬಹಳ ಹೊತ್ತು ಮೊಣಕಾಲೂರಿದ್ದರು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ನಡೆದದ್ದು ಸರಿಯೆಂದು ಅವರು ಇಂದಿಗೂ ಒಪ್ಪುವುದಿಲ್ಲ. ಅಕ್ಷಿತಾ ತಪ್ಪು ಮಾಡಿದಳೆಂದು ಯಾರಾದರೂ ಬಾಯಿಬಿಟ್ಟರೆ ಅವರನ್ನು ಸುಮ್ಮನೆ ಬಿಡುವುದೂ ಇಲ್ಲ.

ಗರ್ಭಸ್ಥ ಜೀವ ಮನುಷ್ಯನೋ ಅಲ್ಲವೋ ಎಂದು ಸಭೆಗಳಲ್ಲಿ ವಾದಿಸುವವರ ಮಾತನ್ನು ನಾನು ಎರಡೂ ಕಡೆಯಿಂದ ಕೇಳಿದ್ದೇನೆ; ಉತ್ತರ ನನ್ನಲ್ಲಿಲ್ಲ. ಗ್ಲ್ಯಾಡಿಸ್ ಬಾಯಿಯಂಥವರು ಆ ಸಭೆಗಳಲ್ಲಿ ಕಾಣಸಿಗುವುದಿಲ್ಲ. ನಂಬಿಕೆಯನ್ನು ಎಳ್ಳಷ್ಟೂ ಸಡಿಲಿಸದೆ, ಆ ನಂಬಿಕೆ ಯಾರನ್ನು ದೂರ ಇಡು ಎನ್ನುತ್ತದೋ ಅವರ ಕೈಯನ್ನೇ ಹಿಡಿದು ನಿಲ್ಲುವ ಇಂಥ ಜನ ಎರಡು ಕಡೆಯ ನೋವನ್ನೂ ಒಬ್ಬರೇ ತಿನ್ನುತ್ತಾರೆ. ಅವರನ್ನು ಸಮಾಧಾನ ಮಾಡಲು ಯಾವ ಕಡೆಯವರೂ ಬರುವುದಿಲ್ಲ.